ಎರಡು ಸಲ ಬಂದ ಅಲೆ

ಹೆಂಡತಿ ಚೀಲದಿಂದ ಮೂರನೆಯ ಪುಸ್ತಿಕೆ ತೆಗೆದು ಊಟದ ಮೇಜಿನ ಮೇಲೆ ಇಟ್ಟ ಕೂಡಲೇ ಅವನಿಗೆ ಆ ನೀಲಿಯ ಗುರುತು ಹತ್ತಿತು. ಅದು ಸಮುದ್ರದ ನೀಲಿಯಲ್ಲ, ಅವನದೇ ನೀಲಿ. ಎರಡು ವರ್ಷದ ಹಿಂದೆ ಸ್ಟುಡಿಯೋದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಪಾತ್ರೆ ತೊಳೆದ ನೀರಿನಂತಿದ್ದ ಒಂದು ಕಡಲಿಗೆ ಪದರದ ಮೇಲೆ ಪದರ ಹಚ್ಚಿ ಹುಟ್ಟಿಸಿದ್ದ ನೀಲಿ. ಬಾಯಿಯ ಹತ್ತಿರ ಹೋಗಿದ್ದ ಬ್ರೆಡ್ಡಿನ ತುಂಡು ಅಲ್ಲೇ ನಿಂತಿತು. ಭಾನುವಾರ, ಬೆಳಗಿನ ಹತ್ತು ಗಂಟೆ. ಎಲ್ಲರ ಸ್ನಾನ ಮುಗಿದಿತ್ತು, ಯಾರಿಗೂ ಎಲ್ಲಿಗೂ ಹೋಗುವ ಅವಸರವಿರಲಿಲ್ಲ, ಮೇಜಿನ ನಾಲ್ಕು ಬದಿಗೆ ನಾಲ್ಕು ಜನ ಕೂತಿದ್ದರು. ಹೀಗೆ ಒಟ್ಟಿಗೆ ಕೂತು ಎಷ್ಟು ದಿನವಾಗಿತ್ತೋ ಏನೋ, ಅವನಿಗೆ ಬೆಳಗಿನಿಂದ ಒಳಗೊಳಗೇ ಹಿಗ್ಗು. ಕಿಟಕಿಯಿಂದ ಬಿದ್ದ ಬಿಸಿಲು ಸಕ್ಕರೆ ಡಬ್ಬಿಯವರೆಗೆ ಬಂದಿತ್ತು, ಅವನ ಅಮ್ಮ ತನ್ನ ಲೋಟವನ್ನು ಆ ಬಿಸಿಲಿನೊಳಕ್ಕೆ ಸರಿಸಿಟ್ಟುಕೊಂಡಿದ್ದಳು. ಇದರ ನಡುವೆ ಈ ಪುಸ್ತಿಕೆ ಬಂದು ಕೂತಿತು, ಕರೆಯದೆ ಬಂದ ಹಳೆಯ ಪರಿಚಯದವನ ಹಾಗೆ. ಅವನು ಬ್ರೆಡ್ಡನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

“ಇದನ್ನ ನೋಡಿ, ಇದನ್ನ,” ಅಂದಳು ಹೆಂಡತಿ. ಔಷಧದಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುವವಳು. ಯಾವ ಕಾಗದ ಕೈಗೆ ಬಂದರೂ ಮೊದಲು ಕೆಳಗಿನ ಸಣ್ಣ ಅಕ್ಷರವನ್ನೇ ಓದುವುದು ಅವಳ ಅಭ್ಯಾಸ. ಮದುವೆಯ ಕರೆಯೋಲೆ ಬಂದರೂ ಅವಳು ಹಿಂದೆ ಮುಂದೆ ತಿರುಗಿಸಿ ಎಕ್ಸ್‌ಪೈರಿ ಡೇಟು ಹುಡುಕುತ್ತಾಳೆ ಅಂತ ಮಗಳು ಆಡಿಕೊಳ್ಳುತ್ತಿದ್ದಳು. ಈ ಸಲ ರಜೆಗೆ ಸಮುದ್ರತೀರದ ರೆಸಾರ್ಟಿಗೆ ಹೋಗಲೇಬೇಕು, ಎಲ್ಲರೂ ಹೋಗಬೇಕು ಅಂತ ಮೂರು ತಿಂಗಳಿನಿಂದ ಹಟ ಹಿಡಿದವಳು ಅವಳೇ. ಟ್ರಾವೆಲ್ ಏಜೆನ್ಸಿಯವಳು ಸಂಜೆಯವರೆಗೆ ಕೋಣೆ ಹಿಡಿದಿಡುತ್ತೇನೆ ಅಂದಿದ್ದಾಳಂತೆ. ಇವತ್ತು ಆರಿಸಬೇಕು. “ಮೂರೂ ಆಲ್ ಇನ್‌ಕ್ಲೂಸಿವ್. ಆದ್ರೆ ಇದು ನನಗೆ ಬಹಳ ಹಿಡಿಸ್ತು.”

“ಹಾಗಂದ್ರೇನಮ್ಮ?” ಅಂದಳು ಅಮ್ಮ.

“ಒಂದು ಸಲ ದುಡ್ಡು ಕಟ್ಟಿದ್ರೆ ಮುಗೀತು ಅತ್ತೆ. ತಿಂಡಿ, ಊಟ, ಜ್ಯೂಸು, ಈಜುಕೊಳ, ಎಲ್ಲಾ ಸೇರಿ. ಕೈಗೊಂದು ಪಟ್ಟಿ ಕಟ್ತಾರೆ, ಅದನ್ನ ತೋರಿಸಿದ್ರೆ ಸಾಕು.”

“ಕೈಗೆ ಪಟ್ಟಿ ಕಟ್ಟೋದು ಆಸ್ಪತ್ರೇಲಲ್ವಾ?”

“ಅಲ್ಲಿ ಪಥ್ಯ, ಇಲ್ಲಿ ಐಸ್‌ಕ್ರೀಮು. ಅಷ್ಟೇ ವ್ಯತ್ಯಾಸ ಅಜ್ಜಿ,” ಅಂದಳು ಮಗಳು. ಹದಿಮೂರು ವರ್ಷದ ಅವಳಿಗೆ ಈಗ ಎಲ್ಲದಕ್ಕೂ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ.

“ಪಾತ್ರೆ ಯಾರು ತೊಳೀತಾರೆ?”

“ಅವರೇ.”

“ಹಾಸಿಗೆ ಮಡಚೋದು?”

“ಅದೂ ಅವರೇ ಅತ್ತೆ.”

ಅಮ್ಮ ಲೋಟ ಕೆಳಗಿಟ್ಟಳು. “ಮತ್ತೆ ನಾವೇನು ಮಾಡೋದು ಅಲ್ಲಿ?”

ಎಲ್ಲರೂ ನಕ್ಕರು, ಅವನೂ ನಕ್ಕ. ನಗುತ್ತಲೇ ಕೈ ತೊಳೆದುಕೊಳ್ಳುವ ನೆಪದಲ್ಲಿ ಎದ್ದು ಸಿಂಕಿನ ಹತ್ತಿರ ಹೋಗಿ ನಿಂತ. ಸ್ಟುಡಿಯೋದಲ್ಲಿ ಅವನಿಗೆ ರಬ್ಬರ್ ಅಂತಲೇ ಹೆಸರು. ಹದಿನೆಂಟು ವರ್ಷದಿಂದ ಅವನ ಕೆಲಸ ಅಳಿಸುವುದು. ಶೂ ಜಾಹೀರಾತಿನ ಹುಡುಗಿಯ ಮೊಣಕಾಲಿನ ತರಚು ಗಾಯ, ಹೊಳೆಯುವ ಕುಕ್ಕರಿನಲ್ಲಿ ಮೂಡಿದ ಛಾಯಾಗ್ರಾಹಕನ ಬೋಳುತಲೆ, ಹೊಸ ಮನೆಗಳ ಹಿಂದೆ ನಿಂತ ಕಸದ ಗುಡ್ಡ, ಎಲ್ಲ ಅವನ ಕೈಯಲ್ಲಿ ಮಾಯ. “ಇದನ್ನ ರಬ್ಬರ್‌ಗೆ ಕೊಡ್ರಿ” ಅಂತ ಯಜಮಾನ ಕೂಗಿದರೆ ಆ ವಸ್ತುವಿನ ಆಯುಸ್ಸು ಮುಗಿಯಿತು ಅಂತಲೇ ಅರ್ಥ. ಆ ಹೆಸರಿನ ಬಗ್ಗೆ ಅವನಿಗೆ ಬೇಸರವೇನೂ ಇರಲಿಲ್ಲ, ಒಳ್ಳೆ ಕೈ ಇಲ್ಲದವನಿಗೆ ಅಡ್ಡಹೆಸರು ಯಾರು ಇಡುತ್ತಾರೆ. ಒಂದೇ ಒಂದು ಸಲ, ಮಗಳ ಶಾಲೆಯಲ್ಲಿ ಪೋಷಕರೆಲ್ಲ ಸೇರಿದ್ದಾಗ, “ನಮ್ಮಪ್ಪ ಫೋಟೋಗ್ರಾಫರ್” ಅಂತ ಅವಳು ಮೇಷ್ಟರಿಗೆ ಪರಿಚಯ ಮಾಡಿಸಿದಳು. ಅವನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ, ಬಗ್ಗಿ ಬಿಚ್ಚಿರದ ಶೂ ಲೇಸನ್ನು ಮತ್ತೆ ಕಟ್ಟಿಕೊಂಡ. ಈ ಸಮುದ್ರದ ಚಿತ್ರ ಬಂದ ದಿನ ಅದರ ಜೊತೆಗೊಂದು ಪ್ರಿಂಟೂ ಬಂದಿತ್ತು, ಅದರ ಮೇಲೆ ಕೆಂಪು ಶಾಯಿಯ ಮೂರು ಸುತ್ತು. ನೀರು ಇನ್ನೂ ನೀಲಿಯಾಗಲಿ. ಮೆಟ್ಟಿಲಿನ ಕಂಬಿ ಬೇಡ, ಜೈಲಿನ ಹಾಗೆ ಕಾಣುತ್ತದೆ. ಮುದುಕಿ ಬೇಡ. ಮೂರನೆಯದಕ್ಕೆ ಕಾರಣ ಬರೆದಿರಲಿಲ್ಲ.

ಮುದುಕಿ ಕೊನೆಯ ಮೆಟ್ಟಿಲಿನ ಮೇಲೆ ಕೂತಿದ್ದಳು. ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಎರಡೂ ಪಾದ ನೀರಿಗೆ ಇಳಿಬಿಟ್ಟಿದ್ದಳು. ಒಂದು ಕೈ ಕಂಬಿಯ ಮೇಲೆ, ಇನ್ನೊಂದರಲ್ಲಿ ಅರ್ಧ ತಿಂದ ಕಲ್ಲಂಗಡಿ ಹೋಳು. ಚಪ್ಪಲಿಗಳನ್ನು ಎರಡು ಮೆಟ್ಟಿಲು ಮೇಲೆ ಜೋಡಿಸಿಟ್ಟಿದ್ದಳು, ಮನೆಯ ಬಾಗಿಲಲ್ಲಿ ಬಿಟ್ಟ ಹಾಗೆ ನೀಟಾಗಿ. ಅವನು ಮೊದಲು ಚಪ್ಪಲಿ ತೆಗೆದ, ಆಮೇಲೆ ಪಾದ, ಆಮೇಲೆ ಮಡಿಲು, ಕೈ, ಕಲ್ಲಂಗಡಿ. ಮುಖವನ್ನು ಕೊನೆಗೆ ಉಳಿಸಿಕೊಂಡ, ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಚಿತ್ರದಾಚೆ ಯಾರೋ ಏನೋ ಅಂದದ್ದಕ್ಕೆ ಅವಳು ಬಾಯಿತುಂಬ ನಗುತ್ತಿದ್ದಳು. ಮೈಯಿಲ್ಲದ ನಗು ನೀರಿನ ಮೇಲೆ ಐದು ನಿಮಿಷ ಹಾಗೇ ನಿಂತಿತ್ತು. ಪಕ್ಕದ ಸಹೋದ್ಯೋಗಿ ಇಣುಕಿ “ಅಜ್ಜಿ ಹೋಗಲ್ಲ ಅಂತಿದ್ದಾರಾ?” ಅಂದ, ಇವನೂ ನಕ್ಕ, ನಕ್ಕು ಅಳಿಸಿದ. ಆಮೇಲೆ ಅರ್ಧ ದಿನ ಕಂಬಿಯ ಜೊತೆ ಗುದ್ದಾಡಿದ. ಎಂಟು ಕಾಲು, ಕಾಲಿಗೆ ನಾಲ್ಕರಂತೆ ತಿರುಪು ಮೊಳೆ, ಎಲ್ಲ ಕಲ್ಲಿಗೆ ಊರಿದ್ದವು. ಮನೆಗೆ ಬಂದು ಏನೂ ಹೇಳಲಿಲ್ಲ, ಹೇಳುವಂಥದ್ದೇನೂ ಆಗಿರಲಿಲ್ಲವಲ್ಲ. ಈಗ ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ಅವನು ಅದನ್ನು ಬಿಗಿಯಾಗಿ ತಿರುಗಿಸಿ ಮತ್ತೆ ಬಂದು ಕೂತ.

ಮೇಜಿನ ಮೇಲೆ ಅಷ್ಟರಲ್ಲಿ ಎರಡು ಪುಸ್ತಿಕೆಗಳ ಕಥೆ ಮುಗಿದಿತ್ತು. ಮೊದಲನೆಯದರಲ್ಲಿ ಏಳು ಜಾರುಬಂಡೆಗಳಿದ್ದವು, ಮಗಳು ಅದಕ್ಕೇ ಜೋತುಬಿದ್ದಿದ್ದಳು. ಆದರೆ ಅಲ್ಲಿ ನೀರಿನವರೆಗೆ ಬರೀ ಮರಳು, ಮರಳಿನಲ್ಲಿ ನನ್ನ ಕಾಲು ಹೂತುಕೊಳ್ಳುತ್ತದೆ ಅಂದಳು ಅಮ್ಮ. ಎರಡನೆಯದಕ್ಕೆ ಸಮುದ್ರ ಕಾಣುವುದು ತಾರಸಿಯಿಂದ ಮಾತ್ರ, ಹತ್ತಿರ ಹೋಗಲು ಬಸ್ಸು ಹತ್ತಬೇಕು, ಅದು ಸಣ್ಣ ಅಕ್ಷರದಲ್ಲಿತ್ತು. ಹೆಂಡತಿ ಅದನ್ನು ಎರಡು ಬೆರಳಲ್ಲಿ ಹಿಡಿದು ಹಳೆಯ ಪೇಪರುಗಳ ಮೇಲೆ ಒಗೆದಳು. ಉಳಿದದ್ದು ಮೂರನೆಯದು. ಕೋಣೆಯ ಬಾಗಿಲಿನಿಂದ ಹತ್ತು ಹೆಜ್ಜೆ, ಅಲ್ಲಿಂದ ಹನ್ನೆರಡು ಅಗಲ ಮೆಟ್ಟಿಲು ನೇರ ನೀರಿನೊಳಕ್ಕೆ ಇಳಿಯುತ್ತಿದ್ದವು. ಒಂದೇ ಜಾರುಬಂಡೆ, ಆದರೆ ಉದ್ದದ್ದು. ಮಗಳು ಮುಖ ಸೊಟ್ಟ ಮಾಡಿ ಒಪ್ಪಿಕೊಂಡಳು. ಅಮ್ಮ ಮಾತ್ರ ಆ ಪುಟವನ್ನು ಬಿಡಲಿಲ್ಲ. ಮೆಟ್ಟಿಲುಗಳನ್ನು ಬೆರಳಿಟ್ಟು ಎಣಿಸಿದಳು. ಕೊನೆಯ ಮೆಟ್ಟಿಲಿನ ಎಡತುದಿಗೆ ಬೆರಳು ನಿಂತಿತು.

“ಇಲ್ಲಿ ಕೂತ್ಕೊಂಡು ಕಾಲು ಬಿಟ್ಕೋಬಹುದು ಅಲ್ವೇನೋ?” ಅಂದಳು. “ನನಗೆ ಈಜೋದೂ ಬೇಡ, ಗೀಜೋದೂ ಬೇಡ. ಒಂದು ಸಲ ಸುಮ್ನೆ ಕಾಲು ಅದ್ದಬೇಕು. ನಿಮ್ಮಪ್ಪ ಇದ್ದಾಗ ಬಸ್ಸಿನ ಕಿಟಕಿಯಿಂದ ಸಮುದ್ರ ನೋಡಿದ್ದು. ಆಯ್ತು ಇಳಿಯೋಣ ಅನ್ನೋಷ್ಟ್ರಲ್ಲಿ ಬಸ್ಸು ತಿರುಗಿತ್ತು.”

ಅಮ್ಮನ ಬೆರಳು ಇದ್ದದ್ದು ಸರಿಯಾಗಿ ಅಲ್ಲೇ. ಮುದುಕಿ ಕೂತಿದ್ದ ಜಾಗದಲ್ಲೇ. ಅದು ಅಮ್ಮನ ಬಲಗೈಯ ತೋರುಬೆರಳು, ನಡುಗೆಣ್ಣಿನಲ್ಲಿ ಒಳಕ್ಕೆ ಬಾಗಿದ್ದು. ಮೂವತ್ತೈದು ವರ್ಷ ಬಟ್ಟೆ ಅಂಗಡಿಯ ಹಿಂಬದಿ ಕೂತು ರಫೂ ಮಾಡಿದ ಬೆರಳು. ಸಿಗರೇಟು ಸುಟ್ಟ ಕೋಟು, ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಯಾವುದೇ ಬರಲಿ, ಅದೇ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ, ತೂತಿನ ಮೇಲೆ ಎಳೆಗೆ ಎಳೆ ನೇಯ್ದು, ಹರಿದದ್ದು ಎಲ್ಲಿ ಅಂತ ಗಿರಾಕಿಗೇ ಗೊತ್ತಾಗದ ಹಾಗೆ ಕೊಡುತ್ತಿದ್ದಳು. ಚಿಕ್ಕವನಿದ್ದಾಗ ಅವನು ಶಾಲೆ ಬಿಟ್ಟು ಬಂದು ಅವಳ ಕಾಲ ಬುಡದಲ್ಲಿ ಕೂತು ಎಳೆಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಿದ್ದ. ಎದುರುಮೈ ಎಲ್ಲರೂ ನೋಡ್ತಾರೆ, ನೀನು ಒಳಮೈ ತಿರುಗಿಸಿ ನೋಡು ಅನ್ನುತ್ತಿದ್ದಳು. ಸ್ಟುಡಿಯೋದಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ, ತನ್ನ ಕೈಚಳಕ ತೋರಿಸುವ ಹುರುಪಿನಲ್ಲಿ, ಅವನು ಮನೆಯವರ ಫೋಟೋ ಒಂದನ್ನು ತಿದ್ದಿ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿ ತಂದ. ಅಮ್ಮನ ಮುಖದ ಗೆರೆ ಹೋಗಿದ್ದವು, ಬೆರಳು ನೆಟ್ಟಗಾಗಿತ್ತು. ಅವಳು ಬಹಳ ಹೊತ್ತು ನೋಡಿ, “ಚೆನ್ನಾಗಿದೆ ಕಣೋ. ಯಾರಿದು?” ಅಂದಳು. ಎಲ್ಲರೂ ಬಿದ್ದುಬಿದ್ದು ನಕ್ಕಿದ್ದರು. ಆ ಫೋಟೋ ಆರು ತಿಂಗಳು ಗೋಡೆಯ ಮೇಲಿದ್ದು, ಯಾವಾಗಲೋ ಸುಣ್ಣ ಹೊಡೆಸುವಾಗ ಕೆಳಗಿಳಿದು, ಬೀರುವಿನೊಳಗೆ ಹೊದಿಕೆಗಳ ಕೆಳಗೆ ಸೇರಿತು. ಇಷ್ಟು ವರ್ಷದಲ್ಲಿ ಯಾರೂ ಆ ಮಾತೆತ್ತಿಲ್ಲ. ಹೊದಿಕೆ ತೆಗೆಯುವಾಗಲೆಲ್ಲ ಚೌಕಟ್ಟಿನ ಮೂಲೆ ಅವನ ಕೈಗೆ ತಗಲುತ್ತಿತ್ತು.

“ಆದ್ರೆ ಇಳಿಯೋದು ಹೇಗೆ?” ಅಂದಳು ಅಮ್ಮ. “ಹಿಡ್ಕೊಳ್ಳೋಕೆ ಏನೂ ಇಲ್ವಲ್ಲ.”

ಹೋದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದ ಮೇಲೆ ಅಮ್ಮ ಏನಾದರೂ ಹಿಡಿಯದೆ ಒಂದು ಮೆಟ್ಟಿಲನ್ನೂ ಇಳಿಯುವುದಿಲ್ಲ. ನಾನು ಹಿಡಿದುಕೊಳ್ಳುತ್ತೇನೆ ಅಂತ ಯಾರಾದರೂ ಅಂದರೆ ಮೈಮೇಲೆ ಬರುತ್ತಾಳೆ. ನೀನು ಹಿಡಿದುಕೊಂಡರೆ ನಾನು ಬೀಳುತ್ತೇನೆ ಅಂತಲೇ ಅರ್ಥ, ನಾನು ಹಿಡಿದುಕೊಂಡರೆ ನಿಲ್ಲುತ್ತೇನೆ ಅಂತ ಅರ್ಥ ಅನ್ನುವುದು ಅವಳ ವಾದ. ಅವಳ ಹಟ ಮನೆಯವರಿಗೆಲ್ಲ ಬಾಯಿಪಾಠ.

“ಕಂಬಿ ಇದ್ರೂ ಇರಬಹುದಮ್ಮ,” ಅಂದ ಅವನು. ಧ್ವನಿ ಅವನಿಗೇ ಬೇರೆಯವರದರ ಹಾಗೆ ಕೇಳಿಸಿತು. “ಫೋಟೋದಲ್ಲಿ ಕಾಣಿಸ್ತಿಲ್ಲ ಅಷ್ಟೆ.”

“ನಾಲ್ಕನೇ ಮೆಟ್ಟಿಲ ಮೇಲೆ ಉದುರಿರೋ ಎಲೆ ಕಾಣಿಸ್ತಿದೆ. ಕಂಬಿ ಕಾಣಿಸಲ್ವಾ?”

ಆ ಎಲೆಯನ್ನು ಅವನೇ ಅಲ್ಲಿಟ್ಟಿದ್ದ, ಕಂಬಿಯ ಕಾಲು ಕಿತ್ತ ತೂತು ಎಷ್ಟು ಮಾಡಿದರೂ ಮುಚ್ಚಿಕೊಳ್ಳಲಿಲ್ಲ ಅಂತ.

“ಫೋನ್ ಮಾಡಿ ಕೇಳಿದ್ರಾಯ್ತು ಅತ್ತೆ,” ಅಂದಳು ಹೆಂಡತಿ.

“ಮಾರೋರು ಯಾವತ್ತಾದ್ರೂ ಇಲ್ಲ ಅಂತಾರೇನಮ್ಮ? ಬಣ್ಣ ಹೋಗುತ್ತಾ ಅಂತ ಕೇಳಿದ್ರೆ ಇಲ್ಲವೇ ಇಲ್ಲ ಅಂತಿದ್ದ ನಮ್ಮ ಅಂಗಡಿಯೋನು. ಹೋದ್ಮೇಲೆ ಕಂಬಿ ಇಲ್ಲ ಅಂದ್ರೆ ನಾನು ಮೇಲೆ ನಿಂತ್ಕೊಂಡು ನಿಮ್ಮ ಚಪ್ಪಲಿ ಕಾಯ್ಬೇಕು, ಅಷ್ಟೆ.” ಅಮ್ಮ ಪುಸ್ತಿಕೆಯನ್ನು ಮುಚ್ಚಿ, ಅಂಗೈಯಲ್ಲಿ ಒಂದು ಸಲ ಸವರಿ, ಸೊಸೆಯ ಕಡೆಗೆ ನೂಕಿದಳು. “ನೀವು ಮೂರು ಜನ ಹೋಗಿ ಬನ್ನಿ. ಇದನ್ನೇ ಮಾಡ್ಸು, ಚೆನ್ನಾಗಿದೆ. ನಾನು ಮನೇಲಿರ್ತೀನಿ. ಗಿಡಕ್ಕೆ ನೀರು ಹಾಕೋರು ಬೇಕಲ್ಲ.”

ಅದನ್ನು ಅವಳು ಮುನಿಸಿನಿಂದ ಹೇಳಲಿಲ್ಲ. ಮುನಿಸಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು. ಆ ಕ್ಷಣ ಅವನ ಎದೆಯೊಳಗೆ ಮೊದಲು ಸುಳಿದದ್ದು ನಿರಾಳ, ಇದನ್ನು ಅವನು ಆಮೇಲೆ ಎಷ್ಟು ತಿರುಚಿ ನೋಡಿದರೂ ಬೇರೆ ಹೆಸರು ಸಿಗಲಿಲ್ಲ. ಅಮ್ಮ ಬರದಿದ್ದರೆ ಯಾರೂ ಏನೂ ಕೇಳುವುದಿಲ್ಲ. ನಿಧಾನ ನಡೆಯಬೇಕಾಗಿಲ್ಲ, ಅವಳು ಬಚ್ಚಲಿಗೆ ಹೋದಾಗ ಬಾಗಿಲ ಹೊರಗೆ ನಿಂತು ಕೆಮ್ಮಬೇಕಾಗಿಲ್ಲ. ಎರಡು ಉಸಿರಿನಷ್ಟು ಹೊತ್ತು ಆ ನಿರಾಳ ಇತ್ತು. ಆಮೇಲೆ ನಾಚಿಕೆ ಬಂತು, ಕಿವಿಯ ಬುಡ ಬಿಸಿಯಾಗುವಷ್ಟು. ಹೆಂಡತಿ ಪುಸ್ತಿಕೆಯ ಮೂಲೆ ಮಡಚಿ ಬಿಚ್ಚಿ ಮಾಡುತ್ತಿದ್ದಳು. ಮೂರು ತಿಂಗಳಿನ ಅವಳ ಉತ್ಸಾಹ ಸೋರಿಹೋಗುವುದು ಕಣ್ಣಿಗೆ ಕಾಣುತ್ತಿತ್ತು. “ಹಾಲು ಮುಗಿದಿದೆ, ತರ್ತೀನಿ,” ಅಂತ ಅವನು ಚಪ್ಪಲಿ ಮೆಟ್ಟಿಕೊಂಡ. ಹಾಲು ಇತ್ತು. ಇತ್ತು ಅಂತ ಎಲ್ಲರಿಗೂ ಗೊತ್ತಿತ್ತು.

ಅವರ ಮನೆ ಮೂರನೆಯ ಮಹಡಿ. ಇಳಿಯುತ್ತ ಅವನು ಎಂದೂ ನೋಡದ ಮೆಟ್ಟಿಲಿನ ಕಂಬಿಯನ್ನು ನೋಡಿದ. ಹಸಿರು ಬಣ್ಣ ಬಳಿದಿದ್ದರು, ಆದರೆ ಮೇಲಿನ ಅಂಚಿನಲ್ಲಿ ಬಣ್ಣ ಸವೆದು ಕಬ್ಬಿಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇದೇನು ಒಂದು ದಿನದ ಹೊಳಪೇ. ಎರಡನೆಯ ಮಹಡಿಯ ತಿರುವಿನಲ್ಲಿ ಹೊಳಪು ಹೆಚ್ಚಿತ್ತು, ಅಮ್ಮ ಅಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಅವನು ಹಿಡಿದುಕೊಂಡು ಇಳಿದು ನೋಡಿದ. ತಂಪಾಗಿತ್ತು. ಅಂಗಡಿಯವರೆಗೆ ನಡೆಯುತ್ತ ತಲೆಯಲ್ಲಿ ಮಾತು ಜೋಡಿಸಿದ. ನಮ್ಮ ಆಫೀಸಿನವನೊಬ್ಬ ಅಲ್ಲಿಗೆ ಹೋಗಿದ್ದನಂತೆ, ಕಂಬಿ ಇದೆಯಂತೆ, ಎಡಗಡೆ ಇದೆಯಂತೆ. ಸುಲಭದ ಮಾತು. ಯಾರಿಗೂ ನಷ್ಟವಿಲ್ಲ, ಎಲ್ಲರೂ ಸಂತೋಷವಾಗಿ ಹೋಗಿ ಬರಬಹುದು. ಆದರೆ ಅಮ್ಮ ಕೇಳುತ್ತಾಳೆ, ಹೆಸರೇನು ಅವನದು, ಯಾವಾಗ ಹೋಗಿದ್ದ, ಕಂಬಿ ನೀರಿನವರೆಗೂ ಇದೆಯಾ. ಅಳಿಸಿದ ಜಾಗದ ಮೇಲೆ ಇನ್ನೊಂದು ಸಲ ಅಳಿಸಿದರೆ ಏನಾಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು. ಹಾಗಾದರೆ ನಿಜ ಹೇಳಲೇ. ಅಮ್ಮ, ನಿನ್ನಂಥವಳೊಬ್ಬಳು ಅಲ್ಲಿ ಕೂತಿದ್ದಳು, ಚಿತ್ರ ಕೆಡುತ್ತದೆ ಅಂತ ನಾನು ತೆಗೆದುಹಾಕಿದೆ. ಈ ವಾಕ್ಯವನ್ನು ಹಾಲಿನ ಪಾಕೀಟು ಹಿಡಿದು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡ. ಎರಡು ಸಲವೂ ‘ನಿನ್ನಂಥವಳು’ ಅನ್ನುವಲ್ಲಿ ಎಡವಿದ. ಅಂಗಡಿಯವನು ಚಿಲ್ಲರೆ ಹಿಡಿದುಕೊಂಡು ಎಷ್ಟು ಹೊತ್ತಿನಿಂದ ಕಾಯುತ್ತಿದ್ದನೋ.

ವಾಪಸು ಬಂದಾಗ ಅಮ್ಮ ತನ್ನ ಹಳೆಯ ಭೂತಗನ್ನಡಿ ಹಿಡಿದು ಕಿಟಕಿಯ ಬಳಿ ಕೂತಿದ್ದಳು, ಪಕ್ಕದಲ್ಲಿ ಮಗಳು. ಬರುವುದಿಲ್ಲ ಅಂದವಳಿಗೆ ಆ ಮೆಟ್ಟಿಲುಗಳನ್ನು ಬಿಡಲು ಮನಸ್ಸಿರಲಿಲ್ಲ ಅಂತ ಅವನಿಗೆ ಗೊತ್ತಾಯಿತು. ಅವಳು ಪುಸ್ತಿಕೆಯನ್ನು ಬೆಳಕಿಗೆ ಓರೆ ಹಿಡಿದಳು, ನೆಟ್ಟಗೆ ಹಿಡಿದಳು, ಮತ್ತೆ ಓರೆ ಮಾಡಿದಳು. ಬಟ್ಟೆ ನೋಡುವ ಕ್ರಮ ಅದು.

“ಈ ಅಲೆ ಎರಡು ಸಲ ಇದೆ,” ಅಂದಳು.

“ಅಲೆ ಮತ್ತೆ ಮತ್ತೆ ಬರುತ್ತಲ್ಲ ಅಜ್ಜಿ.”

“ಬರುತ್ತೆ. ಹೀಗೇ ಬರಲ್ಲ. ಇಲ್ನೋಡು, ನೊರೆಯಲ್ಲಿ ಒಂದು ಸಣ್ಣ ತೂತು, ಅದರ ಪಕ್ಕ ಬಾಲದ ಹಾಗೆ ಒಂದೆಳೆ. ಈಗ ಇಲ್ನೋಡು. ಅದೇ ತೂತು, ಅದೇ ಬಾಲ. ಅಲ್ಲಿಂದ ಎಳೆ ತೆಗೆದು ಇಲ್ಲಿ ಹಾಕಿದ್ದಾರೆ. ಇಲ್ಲಿ ಯಾರೋ ರಫೂ ಮಾಡಿದ್ದಾರೆ ಕಣೇ.”

ಮಗಳು ಮೂಗು ತಾಗುವಷ್ಟು ಬಗ್ಗಿ ನೋಡಿ “ಹೌದು!” ಅಂತ ಕಿರುಚಿದಳು. ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವನು ಹಾಲಿನ ಪಾಕೀಟು ಹಿಡಿದು ಬಾಗಿಲಲ್ಲೇ ನಿಂತಿದ್ದ. ಎರಡು ವರ್ಷದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅದು. ಯಜಮಾನನ ಕಣ್ಣಿಗೆ, ರೆಸಾರ್ಟಿನವರ ಕಣ್ಣಿಗೆ, ಸಾವಿರಾರು ಪ್ರತಿ ಅಚ್ಚು ಹಾಕಿದವರ ಕಣ್ಣಿಗೆ. ಅವನ ಕಣ್ಣಿಗೂ.

“ಮಾಡಿದೋನಿಗೆ ಕೈ ಇದೆ,” ಅಂದಳು ಅಮ್ಮ, ಭೂತಗನ್ನಡಿ ಕೆಳಗಿಡುತ್ತ. “ತಾಳ್ಮೆ ಇಲ್ಲ.”

“ತಾಳ್ಮೆ ಇಲ್ದೆ ಏನು!” ಅಂದ ಅವನು. “ತಾಳ್ಮೆ ಇತ್ತು. ಸಂಜೆ ಐದಕ್ಕೆ ಕೊಡ್ಬೇಕು ಅಂತ ತಲೆ ಮೇಲೆ ಕೂತಿದ್ರು. ಕಂಬಿ ಒಂದಕ್ಕೇ ಅರ್ಧ ದಿನ ಹಿಡೀತು. ಎಂಟು ಕಾಲು ಇತ್ತು ಗೊತ್ತಾ ಅದಕ್ಕೆ?”

ಮಾತು ಬಾಯಿಂದ ಬಿದ್ದ ಮೇಲೆ ಮೂವರೂ ಅವನ ಕಡೆ ತಿರುಗಿದರು. ಎಷ್ಟು ಒಳ್ಳೆಯ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ, ಪಶ್ಚಾತ್ತಾಪದ್ದೊಂದು, ವಿನಯದ್ದೊಂದು. ಕೊನೆಗೆ ಅವನ ಬಾಯಿ ಬಿಡಿಸಿದ್ದು ಕೆಲಸದ ಜಂಬ. ಇದಕ್ಕೂ ನಾಚಿಕೆಯಾಯಿತು, ಆದರೆ ಈ ನಾಚಿಕೆಯಲ್ಲಿ ಒಂದು ಬಗೆಯ ಹಗುರವಿತ್ತು. ಹಾಲನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಎಲ್ಲ ಹೇಳಿದ. ನೀಲಿ, ಕೆಂಪು ಶಾಯಿ, ಕಂಬಿ. ಮುದುಕಿಯ ಬಗ್ಗೆ ಹೇಳುವಾಗ ಅಮ್ಮನ ಮುಖ ನೋಡಲಾರದೆ ಸಕ್ಕರೆ ಡಬ್ಬಿಯನ್ನು ನೋಡುತ್ತ ಹೇಳಿದ.

“ಅಂದ್ರೆ ಇದು ನೀವೇ ಮಾಡಿದ ಲೇಬಲ್ಲು,” ಅಂದಳು ಹೆಂಡತಿ. ಅವಳ ಹುಬ್ಬು ಗಂಟಾಗಿತ್ತು. “ಬೆಳಿಗ್ಗೆಯಿಂದ ನಾನು ಚೆನ್ನಾಗಿದೆ ಚೆನ್ನಾಗಿದೆ ಅಂತ ಬಡ್ಕೊಳ್ತಿದ್ದೀನಿ, ಬಾಯಲ್ಲಿ ಬ್ರೆಡ್ಡಿಟ್ಕೊಂಡು ಕೇಳ್ತಾ ಕೂತಿದ್ರಿ. ನೀರಾದ್ರೂ ಇದೆಯೇನ್ರೀ ಅಲ್ಲಿ?”

“ನೀರಿದೆ. ಬಣ್ಣ ಇಷ್ಟಿಲ್ಲ.”

“ಜಾರುಬಂಡೆ?” ಅಂದಳು ಮಗಳು, ಪ್ರಾಣ ಬಾಯಿಗೆ ಬಂದವಳ ಹಾಗೆ.

“ಜಾರುಬಂಡೆ ಮುಟ್ಟಿಲ್ಲ ಕಣೇ. ದೇವರಾಣೆ.”

ಹೆಂಡತಿಗೆ ನಗು ತಡೆಯಲಾಗಲಿಲ್ಲ, ಕೋಪವೂ ಇನ್ನೂ ಇಳಿದಿರಲಿಲ್ಲ, ಎರಡರ ನಡುವೆ ಸಿಕ್ಕಿ ಅವಳು ಹಾಲಿನ ಪಾಕೀಟನ್ನು ಎತ್ತಿಕೊಂಡು ಫ್ರಿಜ್ಜಿಗಿಡಲು ಹೋದಳು. ಅಲ್ಲಿ ಆಗಲೇ ಎರಡು ಪಾಕೀಟು ಇದ್ದವು. ಅಮ್ಮ ಮಾತ್ರ ಭೂತಗನ್ನಡಿಯ ಗಾಜನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಅವನು ಕಾದ. ‘ಯಾರಿದು?’ ಅಂದಿದ್ದ ಆ ದಿನದ ಹಾಗೆ ಒಂದು ಮಾತು ಬಂದು ಚುಚ್ಚುತ್ತದೆ ಅಂತ ಮೈ ಬಿಗಿಹಿಡಿದು ಕೂತ. ಅವಳು, “ಮೊದಲು ಹೇಗಿತ್ತೋ ಅದು ನಿನ್ನ ಹತ್ರ ಇದೆಯಾ?” ಅಂದಳು. “ಇದ್ರೆ ಒಳಮೈ ತೋರ್ಸು.”

ಇತ್ತು. ಅಳಿಸುವವರು ಅಳಿಸುವ ಮೊದಲಿನದನ್ನು ಎಸೆಯುವುದಿಲ್ಲ, ಅದು ಅವರ ಕಸುಬಿನ ಮೊದಲ ಪಾಠ, ಗಿರಾಕಿ ಯಾವಾಗ ಮನಸ್ಸು ಬದಲಿಸುತ್ತಾನೋ ಹೇಳಲಾಗದು. ಅವನು ಲ್ಯಾಪ್‌ಟಾಪು ತಂದು, ಎರಡು ವರ್ಷದ ಹಿಂದಿನ ಕಡತಗಳಲ್ಲಿ ಹುಡುಕಿ, ಚಿತ್ರ ತೆರೆದು ಅಮ್ಮನ ಕಡೆ ತಿರುಗಿಸಿದ. ಬೂದು ಸಮುದ್ರ. ಮೋಡ. ಕಂಬಿ, ಎಡಗಡೆ, ಮೇಲಿನಿಂದ ನೀರಿನೊಳಗೆ ಹೋಗಿ ಮುಳುಗುವವರೆಗೆ, ಅಲ್ಲಲ್ಲಿ ತುಕ್ಕು. ಆ ಮುದುಕಿ, ಕೊನೆಯ ಮೆಟ್ಟಿಲಿನ ಮೇಲೆ. ಎರಡು ವರ್ಷದಿಂದ ಕಲ್ಲಂಗಡಿ ಹಾಗೇ ಅರ್ಧ ಉಳಿದಿತ್ತು. ಅವಳನ್ನು ಚೂರುಚೂರಾಗಿ ಅಷ್ಟು ಹತ್ತಿರದಿಂದ ನೋಡಿದ್ದವನಿಗೆ ಅವಳು ಇಡಿಯಾಗಿ ಹೇಗಿದ್ದಳು ಅನ್ನುವುದು ಮರೆತೇ ಹೋಗಿತ್ತು. ಪಾದದ ಮೇಲಿನ ನರಗಳು ಗೊತ್ತಿದ್ದವು, ಕಿವಿಯ ಹಿಂದಿನ ನರೆಗೂದಲು ಗೊತ್ತಿತ್ತು. ಅವಳು ಎಷ್ಟು ಆರಾಮಾಗಿ ಕೂತಿದ್ದಳು ಅನ್ನುವುದನ್ನು ಅವನು ನೋಡಿರಲೇ ಇಲ್ಲ.

ಅಮ್ಮ ಭೂತಗನ್ನಡಿಯನ್ನು ಪರದೆಗೆ ಹಿಡಿದಳು. ಮೊದಲು ಕಂಬಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಮುದುಕಿಯ ಕೈಯನ್ನು, ಕಂಬಿಯ ಮೇಲಿದ್ದ ಕೈಯನ್ನು, ನೋಡಿದಳು.

“ಬಿಗಿಯಾಗಿ ಹಿಡಿದಿಲ್ಲ,” ಅಂದಳು. “ಸುಮ್ನೆ ಇಟ್ಟಿದ್ದಾಳೆ. ಅಂದ್ರೆ ಕಂಬಿ ಗಟ್ಟಿಯಾಗಿದೆ.”

“ಕಲ್ಲಿಗೆ ಊರಿದ್ದಾರಮ್ಮ.”

“ಚಪ್ಪಲಿ ಎರಡು ಮೆಟ್ಟಿಲು ಮೇಲೆ ಬಿಟ್ಟಿದ್ದಾಳೆ. ಬುದ್ಧಿವಂತೆ. ಕೆಳಗಿಟ್ಟಿದ್ರೆ ನೀರು ಎಳ್ಕೊಂಡು ಹೋಗ್ತಿತ್ತು.” ಮತ್ತೆ ಸ್ವಲ್ಪ ಹೊತ್ತು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದಲ್ಲೂ ಅದೇ ನಗು ಏಳತೊಡಗಿತು, ಆಕಳಿಕೆ ಒಬ್ಬರಿಂದ ಒಬ್ಬರಿಗೆ ಅಂಟುವ ಹಾಗೆ. “ಎಷ್ಟು ಚೆನ್ನಾಗಿ ನಗ್ತಿದ್ದಾಳಲ್ಲೋ. ಇವಳನ್ನ ತೆಗೆದು ಆ ಜಾಗದಲ್ಲಿ ಏನಿಟ್ಟೆ? ಒಂದು ಅಲೆ. ಅದೂ ಪಕ್ಕದ ಮನೇದು.”

“ತಪ್ಪಾಯ್ತಮ್ಮ.”

“ನನಗ್ಯಾಕೆ ಹೇಳ್ತೀಯ? ಅವಳಿಗೆ ಹೇಳು.” ಆಮೇಲೆ, ಅವನ ಮುಖ ನೋಡಿ, ದನಿ ತಗ್ಗಿಸಿ, “ಹೋಗ್ಲಿ ಬಿಡೋ. ನಾನೂ ಎಷ್ಟೋ ಸುಟ್ಟ ಕೋಟುಗಳನ್ನ ಹೊಸದು ಅಂತ ಮಾಡಿಕೊಟ್ಟಿದ್ದೀನಿ. ಹೊಟ್ಟೆಪಾಡು. ಆದ್ರೆ ತೂತು ಮುಚ್ಚಬೇಕು ಕಣೋ, ಬಟ್ಟೆನ ಕತ್ತರಿಸಬಾರದು,” ಅಂದಳು. ಇಷ್ಟು ಹೇಳಿ ಸೊಸೆಯನ್ನು ಕೂಗಿದಳು. “ನೋಡಮ್ಮ, ನಾಲ್ಕು ಜನ ಅಂತ ಹೇಳು ಆ ಏಜೆನ್ಸಿಯವಳಿಗೆ. ಕೆಳಗಿನ ಕೋಣೆ ಕೊಡ್ಬೇಕು ಅನ್ನು. ಗಿಡಕ್ಕೆ ನೀರು ಪಕ್ಕದ ಮನೆಯೋರು ಹಾಕ್ತಾರೆ, ನಾವು ಅವರದಕ್ಕೆ ಹಾಕಿಲ್ವಾ?”

ಹೆಂಡತಿ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದಳು. ಏಜೆನ್ಸಿಯವಳ ಹತ್ತಿರ ನಾಲ್ಕು ಜನ ಅನ್ನುವುದನ್ನು ಮೂರು ಸಲ ಹೇಳಿದಳು, ಅಗತ್ಯವೇನೂ ಇರಲಿಲ್ಲ. ನಡುವೆ ಒಮ್ಮೆ, “ಇಲ್ಲ, ಇಲ್ಲ, ಮೆಟ್ಟಿಲಿಗೆ ಕಂಬಿ ಇದೆ, ನಮಗೆ ಗೊತ್ತು. ನಮ್ಮ ಯಜಮಾನರಿಗೆ ಒಂದೊಂದು ಮೊಳೆಯೂ ಗೊತ್ತು,” ಅಂದು ಗಂಡನ ಕಡೆ ಓರೆಗಣ್ಣಿಂದ ನೋಡಿದಳು. ಆ ನೋಟದಲ್ಲಿ ಇನ್ನೂ ಸ್ವಲ್ಪ ಬಾಕಿಯಿತ್ತು, ಸಂಜೆಗೆ ತೀರೀತು ಅಂತ ಅವನಿಗೆ ಧೈರ್ಯ. ಮಗಳು ಅಷ್ಟರಲ್ಲಿ ಲ್ಯಾಪ್‌ಟಾಪು ತನ್ನ ಕಡೆ ಎಳೆದುಕೊಂಡು ಬೂದು ಸಮುದ್ರವನ್ನೂ ನೀಲಿ ಸಮುದ್ರವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದಳು. “ಅಪ್ಪ, ನೀವು ಇಷ್ಟು ಚೆನ್ನಾಗಿ ಮಾಡ್ತೀರಾ?” ಅಂದಳು ತಲೆ ಎತ್ತದೆ. ಅದಕ್ಕೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ಅವನು ಸುಮ್ಮನೆ ಅವಳ ಜಡೆ ಎಳೆದ. ಬಿಸಿಲು ಸಕ್ಕರೆ ಡಬ್ಬಿಯನ್ನು ದಾಟಿ ಮೇಜಿನ ನಡುವಿಗೆ ಬಂದಿತ್ತು. ಮತ್ತೆ ಹಸಿವಾಗತೊಡಗಿತ್ತು.

ಅಮ್ಮ ತನ್ನ ಹೊಲಿಗೆ ಡಬ್ಬಿಯಿಂದ ಬಟ್ಟೆಗೆ ಗುರುತು ಮಾಡು‍ವ ದಪ್ಪ ಕರಿ ಪೆನ್ಸಿಲು ಹುಡುಕಿ ತಂದಳು. ಪುಸ್ತಿಕೆಯ ಆ ಪುಟವನ್ನು ಬಿಡಿಸಿ, ಬಾಗಿದ ಬೆರಳಲ್ಲಿ ಕಾಗದ ಒತ್ತಿ ಹಿಡಿದು, ಮೇಲಿನ ಮೆಟ್ಟಿಲಿನಿಂದ ಒಂದು ಗೆರೆ ಎಳೆಯತೊಡಗಿದಳು. ಹಿಡಿತ ಮೊದಲಿನಂತಿರಲಿಲ್ಲ, ಆದರೂ ಗೆರೆ ಹೋಗಬೇಕಾದ ಕಡೆಗೇ ಹೋಗುತ್ತಿತ್ತು. ಅವನು ಕುರ್ಚಿಯನ್ನು ಹತ್ತಿರ ಸರಿಸಿಕೊಂಡ. “ಇನ್ನೊಂಚೂರು ಎಡಕ್ಕೆ,” ಅಂದ. ಅವಳು ಎಡಕ್ಕೆ ಎಳೆದಳು. “ಎಲೆ ಇದೆಯಲ್ಲ, ಅದರ ಮೇಲೇ ಒಂದು ಕಾಲು ಬರುತ್ತೆ.” ಅವಳು ಎಲೆಯ ಮೇಲೆ ಕಾಲು ಊರಿದಳು. ಎಂಟು ಕಾಲುಗಳೂ ಆದವು, ಗೆರೆ ನೀರಿನೊಳಗೆ ಇಳಿಯಿತು. ಅದು ಸಾಲದೆಂಬಂತೆ ಅವಳು ಪೆನ್ಸಿಲನ್ನು ಒದ್ದೆ ಮಾಡಿಕೊಂಡು ಮೇಲಿನಿಂದ ಮತ್ತೊಂದು ಸಲ ತೀಡಿದಳು, ಕಂಬಿ ಎರಡರಷ್ಟು ಕಪ್ಪಾಯಿತು.

“ಅಷ್ಟು ದಪ್ಪ ಇರಲಿಲ್ಲಮ್ಮ,” ಅಂದ ಅವನು.

“ಇರ್ಲಿ ಬಿಡೋ,” ಅಂದಳು ಅಮ್ಮ, ತಲೆ ಎತ್ತದೆ. “ನನ್ನ ಭಾರ ಹೊರಬೇಕಲ್ಲ.”